ಹಳೆಯದು ಮುಂದೆ, ಹೊಸದು ಹಿಂದೆ

ಫೆಬ್ರವರಿ 10

ಅಂತೂ ಇಂತೂ ನಲವತ್ತು ಪ್ಯಾಕೆಟ್ ಆಯಿತು. ಬೆನ್ನು ನನ್ನದೋ ಬೇರೆಯವರದೋ ಗೊತ್ತಾಗುತ್ತಿಲ್ಲ.

ತಿನ್ನುವ ಹೂವು ಎಂದರೆ ಜನ ಏನೋ ನಾಜೂಕಿನ ಕೆಲಸ ಅಂದುಕೊಳ್ಳುತ್ತಾರೆ. ಬಂದು ಕೂತು ನೋಡಲಿ. ಕುಂಬಳ ಹೂವು ಬಿಡಿಸಿದರೆ ಒಂದೊಂದರಲ್ಲೂ ಒಂದು ಇರುವೆ ಸಂಸಾರ. ಗುಲಾಬಿ ಎಸಳಿನ ಬುಡದ ಬಿಳಿ ತುಂಡು ಕತ್ತರಿಸದಿದ್ದರೆ ಕಹಿ, ಚೆಂಡುಹೂವಿಗೂ ಅದೇ ಗೋಳು. ದಾಸವಾಳ ನೀರು ಕಂಡರೆ ಲೋಳೆ. ಇಷ್ಟೆಲ್ಲ ಆದಮೇಲೆ ಸಣ್ಣ ಬಿಸಿಯಲ್ಲಿ ಇಡೀ ದಿನ ಒಣಗಿಸಿ, ಹುರಿದ ಕಡಲೆಕಾಯಿ, ಎಳ್ಳು, ಓಟ್ಸ್, ಜೇನಿನ ಜೊತೆ ಒತ್ತಿ, ಮತ್ತೆ ಬೇಯಿಸಿದರೆ ಅಂಗೈಯಗಲದ ಒಂದು ಬಿಲ್ಲೆ. ಬಿಸ್ಕತ್ತು ಕಾರ್ಖಾನೆಯಲ್ಲಿ ಹದಿನೇಳು ವರ್ಷ ಒಲೆಯ ಮುಂದೆ ನಿಂತವಳು ನಾನು. ಅಲ್ಲಿ ಹಿಟ್ಟು ಮೂಟೆಯಲ್ಲಿ ಬರುತ್ತಿತ್ತು, ತಕರಾರಿಲ್ಲದೆ ಬಿಸ್ಕತ್ತಾಗುತ್ತಿತ್ತು. ಕಾರ್ಖಾನೆಯೇ ಮುಚ್ಚಿತಲ್ಲ, ಅದಕ್ಕೇ ಈ ಹೂವಿನ ಸಹವಾಸ.

ಹನ್ನೆರಡು ಅಂಗಡಿಗಳಿಗೆ ತಿಂಡಿ ಕೊಳ್ಳುವ ಖರೀದಿ ಮೇಡಂ ತಿಂದು ನೋಡಿ, “ರುಚಿ ಇದೆ, ಹೊಟ್ಟೆಗೂ ಒಳ್ಳೇದು. ಆದ್ರೆ ತೊಂಬತ್ತು ದಿನ ಇಟ್ರೂ ಕೆಡಬಾರ್ದು. ಇಟ್ಟು ತೋರ್ಸಿ” ಅಂದಿದ್ದಾರೆ. ಮೇ 11ಕ್ಕೆ ತೊಂಬತ್ತು. ಅಷ್ಟು ದಿನ ನಿಂತರೆ ಹನ್ನೆರಡು ಅಂಗಡಿಗೂ ನನ್ನ ಬಿಲ್ಲೆ. ಆಗದಿದ್ದರೆ ಜವಳಿ ಗೋದಾಮಿನಲ್ಲಿ ಪೊಟ್ಟಣ ಕಟ್ಟುವ ಕೆಲಸ ಬಾಯಿ ತೆರೆದುಕೊಂಡು ಕೂತಿದೆ.

ಮನೆಯಲ್ಲಿ ತೇವವಿಲ್ಲದ ಕೋಣೆ ಒಂದೇ, ಮಾವನದು. ಶೆಲ್ಫುಗಳನ್ನು ಅಲ್ಲೇ ನಿಲ್ಲಿಸಿದೆ. ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಅತ್ತೆ ಹೋದ ಎರಡು ವರ್ಷದಿಂದ ಕುರ್ಚಿಯನ್ನು ಗೋಡೆಗೆ ಮುಖ ಮಾಡಿಕೊಂಡು ಕೂತಿದ್ದಾರೆ. ನಾದಿನಿಯ ಮನೆಯ ಮೇಲಿನ ಕೋಣೆ ಕಟ್ಟಿ ಮುಗಿಯುತ್ತಿದೆ, ಮೇ 3ಕ್ಕೆ ಬಂದು ಇವರನ್ನು ಕರೆದುಕೊಂಡು ಹೋಗುತ್ತಾಳೆ. ಆಮೇಲೆ ಇಡೀ ಕೋಣೆ ನನ್ನದು. ಸುಳ್ಳೇಕೆ, ಎರಡು ತಾರೀಕನ್ನೂ ಕಾಯುತ್ತಿದ್ದೇನೆ.

ಪ್ಯಾಕೆಟ್ ಮೇಲೆ ಬರೆದ ಶಾಯಿ ಅಳಿಸಿಹೋಗುತ್ತಿದೆ. ಚೀಟಿ ಅಚ್ಚಾಗಿ ಬರುವ ತನಕ ರಟ್ಟಿನ ಡಬ್ಬದ ಮೇಲೆ ಮಾತ್ರ ತಾರೀಕು. ಡಬ್ಬ ಹಿಂದಿನ ಮೂಲೆಯಲ್ಲಿ, ಯಾರ ಕೈಗೂ ತಗುಲದ ಹಾಗೆ.

ಫೆಬ್ರವರಿ 14

ಮಾವ ಮಾತಾಡಿದರು! ವಾರಕ್ಕೊಂದು ಮಾತು, ಅದೂ ತಪ್ಪು ಹುಡುಕುವುದಕ್ಕೆ.

“ತಾರೀಕು ಡಬ್ಬದ ಮೇಲೆ ಬರೀತಾರೇನಮ್ಮಾ? ಸರಕಿನ ಮೇಲೆ ಬರೀಬೇಕು.”

ದೊಡ್ಡಾಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಮೂವತ್ತೆಂಟು ವರ್ಷ ಇದ್ದವರು. ಇರಲಿ, ಇದು ಔಷಧಿಯಲ್ಲ, ಬಿಲ್ಲೆ. “ಆಯ್ತು ಮಾವ” ಅಂದೆ. ಕೇಳಿಸಿಕೊಳ್ಳದವರು ಅನ್ನುವ ಧಾಟಿಯಲ್ಲೇ ಅಂದೆ.

ಫೆಬ್ರವರಿ 25

ಹದಿನೈದು ದಿನ. ಡಬ್ಬದಿಂದ ಮೂರು ತೆಗೆದು ತೂಗಿದೆ, ಮುರಿದೆ, ತಿಂದೆ. ಗರಿಗರಿ. ಇದರಲ್ಲೇನೂ ಹೆಚ್ಚುಗಾರಿಕೆಯಿಲ್ಲ, ಹದಿನೈದು ದಿನಕ್ಕೆ ಚಪ್ಪಲಿಯೂ ಕೆಡುವುದಿಲ್ಲ.

ಮಾವನಿಗೆ ಒಂದು ಉದ್ದ ನೋಟ್‌ಬುಕ್ಕು ಬೇಕಂತೆ. ಪೆನ್ಸಿಲ್ಲು ಬೇಕಂತೆ. ಗೆರೆ ಎಳೆಯಲು ಸ್ಕೇಲು ಬೇಕಂತೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ. ತಂದುಕೊಟ್ಟೆ, ಕೆತ್ತಿಕೊಳ್ಳಲಿ.

ಮಾರ್ಚ್ 6

ಹೂತೋಟದಾಕೆ ಇವತ್ತು ತಂದ ಚೆಂಡುಹೂವಿಗೆ ಔಷಧಿ ಹೊಡೆದ ವಾಸನೆ. ಕೇಳಿದರೆ, “ಪಕ್ಕದ ಸಾಲಿಗೆ ಹೊಡ್ದಿದ್ದು ಅಕ್ಕಾ, ಗಾಳಿಗೆ ಬಂದಿರ್ಬೇಕು” ಅನ್ನುತ್ತಾಳೆ. ಗಾಳಿಗೆ ಬಂದದ್ದನ್ನು ಗಾಳಿಗೇ ಬಿಡು ಎಂದು ಬುಟ್ಟಿ ಸಮೇತ ವಾಪಸು ಕಳಿಸಿದೆ. ಒಂದು ದಿನ ಹಾಳು.

ಗುಲಾಬಿ ಇದ್ದದ್ದರಲ್ಲೇ ಹನ್ನೆರಡು ಪ್ಯಾಕೆಟ್ ಮಾಡಿದೆ. ತಟ್ಟೆ ಹಿಡಿದು ಕೋಣೆಗೆ ಹೋದರೆ ಮಾವ ಬಾಗಿಲಲ್ಲಿ ನಿಂತಿದ್ದಾರೆ. ಗಡ್ಡ ಹೆರೆದಿದ್ದಾರೆ, ಕೆನ್ನೆಯ ಮೇಲೆ ಎರಡು ಕಡೆ ಕುಯ್ದುಕೊಂಡಿದ್ದಾರೆ.

“ಎಷ್ಟಿದೆ?”

“ಹನ್ನೆರಡು.”

“ಎಣಿಸಿ ತಗೋತೀನಿ. ಎಲ್ಲಿಡ್ಲಮ್ಮಾ?”

ನನ್ನ ತಲೆಯಲ್ಲಿ ಚೆಂಡುಹೂವು ಉರಿಯುತ್ತಿತ್ತು. “ನಿಮಗೆ ಎಲ್ಲಿ ಸರಿ ಅನ್ಸುತ್ತೋ ಅಲ್ಲಿಡಿ ಮಾವ, ನನ್ನನ್ನ ಕೇಳ್ಬೇಡಿ” ಅಂದು ಅಡುಗೆಮನೆಗೆ ಬಂದೆ.

ಸಂಜೆ ಕೋಣೆಯ ಬೀಗದ ಕೈ ಕೇಳಿದರು. ಉಗ್ರಾಣ ಅಂದಮೇಲೆ ಬೀಗದ ಕೈ ಒಬ್ಬರ ಹತ್ತಿರವೇ ಇರಬೇಕಂತೆ. ಯಾವಾಗ ಉಗ್ರಾಣವಾಯಿತು ನನ್ನ ಮನೆ?

ಮಾರ್ಚ್ 12

ಮೂವತ್ತು ದಿನ. ಡಬ್ಬದ ಬಿಲ್ಲೆ ಗರಿಗರಿ. ಅದೊಂದೇ ನೆಮ್ಮದಿ.

ಉಳಿದದ್ದು ಕೇಳಬಾರದು. ಕೆಳಗಿನ ಮನೆಯ ಟೈಲರ್‌ಗೆ ತಿನ್ನಿಸಿ ಅಭಿಪ್ರಾಯ ಕೇಳೋಣವೆಂದು ಒಂದು ಪ್ಯಾಕೆಟ್ ತೆಗೆಯಲು ಹೋದರೆ, “ಯಾರಿಗೆ? ಎಷ್ಟು? ಯಾತಕ್ಕೆ?” ಮೂರು ಪ್ರಶ್ನೆ. ನನ್ನ ಮನೆಯಲ್ಲಿ, ನಾನು ಮಾಡಿದ ಬಿಲ್ಲೆಗೆ, ನಾನು ಉತ್ತರ ಕೊಡಬೇಕು. ಆಮೇಲೆ ಅವರೇ ಆರಿಸಿ ಒಂದು ಕೈಗಿಟ್ಟು, ನೋಟ್‌ಬುಕ್ಕು ಮುಂದೆ ಹಿಡಿದು, “ಇಲ್ಲೊಂದು ಸಹಿ” ಅಂದರು. ಹಾಕಲಿಲ್ಲ. ಕೈಯಲ್ಲಿ ಹಿಟ್ಟಿತ್ತು, ಹಿಟ್ಟಿಲ್ಲದಿದ್ದರೂ ಹಾಕುತ್ತಿರಲಿಲ್ಲ.

ಟೈಲರ್ ಬಾಯಿಗೆ ಹಾಕಿಕೊಂಡು, “ಹೂವಿಂದ ನಾರೂ ಸ್ವರ್ಗಕ್ಕೆ ಹೋಯ್ತಂತೆ, ಇದನ್ನ ತಿಂದು ನಾನೆಲ್ಲಿಗೆ ಹೋಗ್ತೀನೋ ಅಕ್ಕಾ” ಅಂದ. ಆದರೂ ಪೂರ್ತಿ ತಿಂದ.

ನಮ್ಮ ಯಜಮಾನರು ದೂರದ ಬಸ್ಸು ಓಡಿಸುವವರು, ವಾರಕ್ಕೆರಡು ದಿನ ಮನೆಯಲ್ಲಿ. ದೂರಿಟ್ಟರೆ, “ಅಪ್ಪ ಏನೋ ಮಾಡ್ಕೋತಿದ್ದಾರಲ್ಲ, ಬಿಡೇ” ಅನ್ನುತ್ತಾರೆ. ಬಿಡಬೇಕಾದವಳು ಯಾವಾಗಲೂ ನಾನೇ.

ಮಾರ್ಚ್ 27

ನಲವತ್ತೈದು. ಗರಿಗರಿ. ಒಣಗಿಸುವ ಮೆಷಿನ್ನು ಕೆಟ್ಟು ಮೂರು ದಿನವಾಯಿತು. ರಿಪೇರಿಯವನು “ಈಗ್ಲೇ ಬಂದೆ” ಅಂದು ಮೂರು ದಿನವಾಯಿತು. ಬರೆಯಲೂ ಬೇಸರ.

ಏಪ್ರಿಲ್ 3

ಬಿಸಿಲಿಗೆ ಹರವಿದ ಗುಲಾಬಿ ಗಾಳಿಗೆ ಹಾರಿ ಬೀದಿಯೆಲ್ಲ ಮದುವೆ ಮನೆ. ದಾಸವಾಳ ಒಣಗಿದಮೇಲೆ ಕೆಂಪು ಹೋಗಿ ಹಳೆ ಗಾಯದ ಬಣ್ಣ ಬರುತ್ತದೆ. ಯಾರು ತಿನ್ನುತ್ತಾರೆ ಗಾಯವನ್ನು?

ಇದರ ಮಧ್ಯೆ ಮಾವನ ಪ್ಯಾಂಟು ಸೊಂಟದಲ್ಲಿ ಬಿಗಿಯಂತೆ, ಟೈಲರ್ ಹತ್ತಿರ ಸಡಿಲ ಮಾಡಿಸಿಕೊಂಡು ಬಾ ಅಂದರು. ಹೋದ ವರ್ಷ ಇದೇ ಪ್ಯಾಂಟು ಜಾರುತ್ತಿದೆ ಎಂದು ಹಿಡಿಸಿದ್ದೆ. ಒಂದು ವರ್ಷ ಸಡಿಲ, ಇನ್ನೊಂದು ವರ್ಷ ಬಿಗಿ, ಓಡಾಡುವವಳು ನಾನು. ಮಧ್ಯಾಹ್ನದ ಊಟಕ್ಕೆ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಅನ್ನ ಹೆಚ್ಚು ಹಾಕಬೇಕು ನಾಳೆಯಿಂದ.

ಏಪ್ರಿಲ್ 11

ಅರವತ್ತು ದಿನ!

ಕಾರ್ಖಾನೆಯ ಬಿಸ್ಕತ್ತೂ ಅರವತ್ತನೇ ದಿನಕ್ಕೆ ಸ್ವಲ್ಪ ಮುಖ ಬಾಡಿಸುತ್ತಿತ್ತು. ನನ್ನ ಬಿಲ್ಲೆ ಮೊದಲ ದಿನ ಹೇಗಿತ್ತೋ ಹಾಗೇ ಇದೆ. ತೂಕ ಕೂದಲಷ್ಟೂ ಹೆಚ್ಚಿಲ್ಲ, ಅಂದರೆ ತೇವ ಹೊಕ್ಕಿಲ್ಲ. ಎರಡೆರಡು ಸಲ ತೂಗಿದೆ. ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸುತ್ತು ತಿರುಗಿದೆ, ಮೊಣಕಾಲು ಕಟಕ್ ಅಂತು.

ಮಾವನಿಗೂ ಹೇಳಿದೆ. “ಸರಕು ಸರಿಯಾಗಿಟ್ರೆ ಕೆಡಲ್ಲಮ್ಮಾ” ಅಂದರು. ಇಟ್ಟಿದ್ದು ತಾನೇ ಅನ್ನುವ ಹಾಗೆ! ಮಾಡಿದ್ದು ಯಾರು?

ಏಪ್ರಿಲ್ 14

ದಾಸವಾಳಕ್ಕೆ ನಾಲ್ಕು ಹನಿ ನಿಂಬೆರಸ ಹಾಕಿ ಒಣಗಿಸಿದೆ. ಕೆಂಪು ಕೆಂಪಾಗೇ ನಿಂತಿತು. ಎರಡು ತಿಂಗಳು ಈ ಬುದ್ಧಿ ಎಲ್ಲಿ ಸತ್ತಿತ್ತೋ.

ಏಪ್ರಿಲ್ 18

ಖರೀದಿ ಮೇಡಂ ಹೇಳದೆ ಕೇಳದೆ ಬಂದರು. ಮನೆ ತುಂಬ ಹೂವಿನ ಕಸ, ನನ್ನ ಕೂದಲಲ್ಲಿ ಎಳ್ಳು. ಮಾವ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದರು, ಅವರನ್ನೇ ನೋಡಲು ಹೆಣ್ಣಿನ ಕಡೆಯವರು ಬಂದ ಹಾಗೆ.

“ಮಾವ, ಎರಡು ಪ್ಯಾಕೆಟ್ ಕೊಡಿ” ಅಂದೆ. ಶೆಲ್ಫಿನ ಮುಂದಿನ ಸಾಲಿನಿಂದ ತೆಗೆದುಕೊಟ್ಟು ಬರೆದುಕೊಂಡರು. ಮೇಡಂ ಮುರಿದರು, ಕಟ್ ಎಂದು ಸದ್ದಾಯಿತು.

“ಯಾವತ್ತು ಮಾಡಿದ್ದು?”

“ನಿನ್ನೆ” ಅಂದೆ. ನಿನ್ನೆ ಮಾಡಿದ್ದೆನಲ್ಲ.

“ಎಷ್ಟು ತಾಜಾ ಇದೆ! ಡಬ್ಬದಲ್ಲಿಟ್ಟಿದ್ದೂ ಹೀಗೇ ಇದ್ಯಾ?”

“ಹೀಗೇ ಇದೆ ಮೇಡಂ.”

ಮಾವ ಏನೋ ಹೇಳಲು ಬಾಯಿ ತೆರೆದರು. ಕಣ್ಣಲ್ಲೇ ಸುಮ್ಮನಿರಿಸಿದೆ. ದೊಡ್ಡವರ ಮುಂದೆ ಇವರ ಉಗ್ರಾಣ ಪುರಾಣ ಶುರುವಾದರೆ ಕಥೆ ಮುಗಿಯಿತು.

ಏಪ್ರಿಲ್ 22

ಟೈಲರ್‌ಗೆ ಇವತ್ತೊಂದು ಕೊಟ್ಟರೆ ಮುಖ ಹಿಂಡಿದ. “ಅಕ್ಕಾ, ಹಳೇ ಎಣ್ಣೆ ಹಂಗೆ ಒಂಥರಾ ಕಮಟು.”

ಮೊನ್ನೆ ಮಾಡಿದ ಬಿಲ್ಲೆಗೆ ಕಮಟಂತೆ! ಹೊಲಿಗೆ ಮೆಷಿನ್ನಿನ ಎಣ್ಣೆ ಮೂಗಿಗೇ ಮೆತ್ತಿಕೊಂಡಿರಬೇಕು. ಅವನಿಗೂ ಹಾಗೇ ಹೇಳಿ ಮೆಟ್ಟಿಲು ಹತ್ತಿ ಬಂದೆ. ಎಂದಿನಂತೆ ನನ್ನ ಜೊತೆ ಕೆಳಗಿಳಿದಿದ್ದ ಮಾವ ಹಿಂದೆಯೇ ಬಂದು, “ಅದು ಹಳೇ ಸರಕಮ್ಮಾ...” ಎಂದು ಶುರು ಮಾಡಿದರು.

“ಮಾವ, ಈಗ ಬೇಡ. ಕೈ ಮುಗೀತೀನಿ” ಅಂದೆ.

ಏಪ್ರಿಲ್ 26

ಎಪ್ಪತ್ತೈದನೇ ದಿನ.

ಡಬ್ಬ ತೆಗೆದೆ. ಪ್ಯಾಕೆಟ್ ಒಡೆದೆ. ಬಿಲ್ಲೆಯಲ್ಲಿ ದಾಸವಾಳ ಕೆಂಪಗಿತ್ತು. ಎರಡು ಕ್ಷಣ ಸಂತೋಷಪಟ್ಟೆ, ಮೂರನೆಯದಕ್ಕೆ ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕೆಂಪು ಹೇಗಿರುತ್ತದೆ? ನಿಂಬೆರಸ ಹಾಕಿದ್ದು ಹನ್ನೆರಡು ದಿನದ ಹಿಂದೆ. ಫೆಬ್ರವರಿಯ ಬಿಲ್ಲೆಗೆ ನಿಂಬೆಯ ಹುಳಿ ಎಲ್ಲಿಂದ ಬಂತು?

“ಮಾವ, ಈ ಡಬ್ಬಕ್ಕೆ ಕೈ ಹಾಕಿದ್ರಾ?”

“ಹಾಕ್ದೇ ಮತ್ತೆ? ಹಳೇದು ಮುಂದೆ, ಹೊಸದು ಹಿಂದೆ. ಪ್ರತಿ ಸಲ ಹಳೇದನ್ನೆಲ್ಲ ಮುಂದಕ್ಕೆ ತಂದು, ಹೊಸ ಸರಕು ಹಿಂದಿನ ಡಬ್ಬಕ್ಕೆ ಹಾಕ್ತೀನಿ. ನೀನೇ ಅಂದ್ಯಲ್ಲ, ಸರಿ ಅನ್ಸಿದ ಕಡೆ ಇಡಿ ಅಂತ.”

ಹೆಮ್ಮೆಯಿಂದ ಹೇಳಿದರು. ಅದೇ ನನ್ನನ್ನು ಸುಟ್ಟುಬಿಟ್ಟಿತು.

ಒಂದೂವರೆ ತಿಂಗಳಿಂದ ನಾನು ತೂಗಿದ್ದು, ಮುರಿದದ್ದು, ಅಡುಗೆಮನೆಯಲ್ಲಿ ಕುಣಿದದ್ದು ಎಲ್ಲ ನಾಲ್ಕಾರು ದಿನದ ಬಿಲ್ಲೆ ಇಟ್ಟುಕೊಂಡು. ರುಚಿ ನೋಡಿ ಎಂದು ಹಂಚಿದ್ದರಲ್ಲಿ ಹಳೆಯದೆಲ್ಲ ಕಂಡವರ ಹೊಟ್ಟೆಗೆ ಹೋಗಿದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಬಾಳು.

ಏನೇನು ಅಂದೆನೋ. “ನಿಮ್ಮನ್ನ ಯಾರು ಕೇಳಿದ್ರು? ಆಸ್ಪತ್ರೆ ಬಿಟ್ಟು ಹದಿನೈದು ವರ್ಷ ಆಯ್ತು, ಇನ್ನೂ ಉಗ್ರಾಣ ಉಗ್ರಾಣ! ಮೇ ಮೂರು ಯಾವಾಗ ಬರುತ್ತೋ ಅಂತ ಕಾಯ್ತಿದೀನಿ!” ಇದು ಅಂದದ್ದು ಚೆನ್ನಾಗಿ ನೆನಪಿದೆ.

ಮಾವ ನೋಟ್‌ಬುಕ್ಕು ಮುಚ್ಚಿದರು. ಆಮೇಲೆ, “ಹಳೇ ಔಷಧಿ ಹಿಂದೆ ಉಳಿದುಬಿಟ್ರೆ ಯಾರಾದ್ರೂ ಸಾಯ್ತಾರಮ್ಮಾ. ಅದಕ್ಕೇ” ಅಂದರು. ಬೀಗದ ಕೈ, ನೋಟ್‌ಬುಕ್ಕು ಎರಡನ್ನೂ ಅಡುಗೆಮನೆಯ ಮೇಜಿನ ಮೇಲಿಟ್ಟು ಹೋದರು.

ಏಪ್ರಿಲ್ 27

ಯಾರಿಗೆ ಗೊತ್ತಾಗುತ್ತದೆ? ಡಬ್ಬದ ಮೇಲೆ ಫೆಬ್ರವರಿ 10 ಎಂದೇ ಇದೆ. ಮೇ 11ಕ್ಕೆ ಅದರಿಂದ ಮೂರು ಪ್ಯಾಕೆಟ್ ಎತ್ತಿ ಕಳಿಸಿದರೆ ತೊಂಬತ್ತೇ ತೊಂಬತ್ತು. ಮೇಡಂ ಈಗಾಗಲೇ ಒಪ್ಪಿದ ಹಾಗೇ ಇದೆ. ಇಡೀ ದಿನ ಇದನ್ನೇ ತಿರುವಿ ಹಾಕುತ್ತ ಎರಡು ತಟ್ಟೆ ಸೀದುಹೋಯಿತು.

ಮಾವ ಊಟ ಅರ್ಧಕ್ಕೆ ಬಿಟ್ಟರು. ಉಪ್ಪು ಸರಿಯಾಗೇ ಇತ್ತು, ನಾನೇ ನೋಡಿದೆ.

ಏಪ್ರಿಲ್ 28

ಕುರ್ಚಿ ಮತ್ತೆ ಗೋಡೆಗೆ ತಿರುಗಿದೆ. ಗಡ್ಡ ಬಿಟ್ಟಿದ್ದಾರೆ. ಅನ್ನ ಮಿಕ್ಕಿತು. ಹೆಚ್ಚು ಹಾಕಿ ಹಾಕಿ ಕೈಗೆ ಅದೇ ಅಳತೆ ಬಂದುಬಿಟ್ಟಿದೆ.

ಪ್ಯಾಕೆಟ್ ತೆಗೆಯಲು ಕೋಣೆಗೆ ಹೋದೆ. ಯಾರಿಗೆ, ಎಷ್ಟು ಎಂದು ಯಾರೂ ಕೇಳಲಿಲ್ಲ. ಏನು ತೆಗೆಯಲು ಹೋದೆ ಅನ್ನುವುದೇ ಮರೆತು ಬರಿಗೈಯಲ್ಲಿ ಬಂದೆ.

ಏಪ್ರಿಲ್ 29

ಮೇಜು ಒರೆಸಲು ನೋಟ್‌ಬುಕ್ಕು ಎತ್ತಿದೆ. ಎತ್ತಿದ್ದು ಒರೆಸಲಿಕ್ಕೇ. ಆದರೆ ತೆರೆದುಕೊಂಡಿತು.

ಪೆನ್ಸಿಲ್ಲಿನಲ್ಲಿ ಸಣ್ಣ ದುಂಡು ಅಕ್ಷರ, ಸ್ಕೇಲು ಹಿಡಿದು ಎಳೆದ ಗೆರೆ. ತಾರೀಕು, ಯಾರಿಗೆ, ಎಷ್ಟು, ಯಾವ ದಿನ ಮಾಡಿದ್ದು, ತಿಂದವರ ಮಾತು. ಕೊನೆಯ ಕಾಲಂ ‘ಸೊಸೆಯ ಸಹಿ’. ಅದು ಮೊದಲಿನಿಂದ ಕೊನೆಯ ತನಕ ಖಾಲಿ.

“ಮಾ. 12. ಟೈಲರ್, 1. ಫೆ. 10ರದು. ಸ್ವರ್ಗದ ತಮಾಷೆ ಮಾಡಿದರು, ಪೂರ್ತಿ ತಿಂದರು.”

“ಏ. 18. ಖರೀದಿಯವರು, 2. ಫೆ. 10ರದು. ತಾಜಾ ಎಂದರು. ಸೊಸೆ ‘ನಿನ್ನೆಯದು’ ಎಂದಳು. ಹೇಳಹೊರಟೆ, ಬಿಡಲಿಲ್ಲ.”

“ಏ. 20. ಮಗ, 1. ಫೆ. 10ರದು. ಚೆನ್ನಾಗಿದೆ ಎಂದ.”

“ಏ. 22. ಟೈಲರ್, 1. ಫೆ. 10ರದು, ಕೊನೆಯದು. ಎಣ್ಣೆ ಕಮಟು ಎಂದರು. ಸೊಸೆಗೆ ತಿಳಿಸಬೇಕು.” ಅದರ ಕೆಳಗೆ, “ತಿಳಿಸಿದೆ. ಕೇಳಲಿಲ್ಲ.”

ಶೆಲ್ಫಿನ ಪ್ಯಾಕೆಟ್‌ಗಳನ್ನು ತಿರುಗಿಸಿ ನೋಡಿದೆ. ಪ್ರತಿಯೊಂದರ ಮೂಲೆಯಲ್ಲೂ ಸೂಜಿಮೊನೆಯಷ್ಟು ಪೆನ್ಸಿಲ್ ಚುಕ್ಕೆಗಳು. ಮಾರ್ಚ್ 6ರದಕ್ಕೆ ಎರಡು, ಆಮೇಲಿನದಕ್ಕೆ ಮೂರು. ಸರಕಿನ ಮೇಲೆ ಬರೆಯಬೇಕು ಅಂದಿದ್ದರಲ್ಲ. ನಾನು ಬರೆಯಲಿಲ್ಲ, ಅವರು ಬರೆದರು.

ನಾನು ಡಬ್ಬದಲ್ಲಿ ಮಾಡಿದ ಪರೀಕ್ಷೆ ಸುಳ್ಳು. ನಿಜವಾದದ್ದು ಈ ಪುಸ್ತಕದಲ್ಲಿ ನಡೆದಿದೆ. ಅರವತ್ತೊಂಬತ್ತನೇ ದಿನಕ್ಕೆ ಚೆನ್ನಾಗಿತ್ತು, ಎಪ್ಪತ್ತೊಂದಕ್ಕೆ ಕಮಟು. ತೊಂಬತ್ತಕ್ಕೆ ನಿಲ್ಲುವುದಿಲ್ಲ.

ಟೈಲರ್ ಮೂಗಿನಲ್ಲಿ ಎಣ್ಣೆಯಿರಲಿಲ್ಲ. ಹೋಗಿ ಹೇಳಬೇಕು. ಆ ನಗು ಬೇರೆ ಸಹಿಸಬೇಕು.

ಏಪ್ರಿಲ್ 30

ಮೇಡಂಗೆ ಫೋನು ಮಾಡಿದೆ. ಹೇಳುವ ಮುಂಚೆ ಎರಡು ಸಲ ನೀರು ಕುಡಿದೆ.

“ಅವತ್ತು ನೀವು ತಿಂದಿದ್ದು ಹಿಂದಿನ ದಿನದ್ದಲ್ಲ ಮೇಡಂ. ಅರವತ್ತೇಳು ದಿನದ್ದು. ನನಗೂ ಗೊತ್ತಿರ್ಲಿಲ್ಲ.”

“ಅರವತ್ತೇಳಾ? ನನಗೆ ತಿನ್ಸಿದ್ರಾ?” ಆಮೇಲೆ, “ಅಂದ್ರೆ ಅರವತ್ತೇಳು ದಿನ ಕೆಡ್ಲಿಲ್ಲ ಅಂತಾಯ್ತು.”

“ಆಯ್ತು. ಎಪ್ಪತ್ತೊಂದಕ್ಕೆ ಕೆಡ್ತು. ಕಡಲೆಕಾಯಿ ಎಣ್ಣೆ ಬಿಡುತ್ತೆ, ಅದೇ ಕಮಟು.”

“ಇದನ್ನ ನೀವು ಹೇಳ್ದೇ ಇರ್ಬಹುದಿತ್ತು.”

“ಇರ್ಬಹುದಿತ್ತು. ಆದ್ರೆ ನಮ್ಮನೇಲಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.”

ತೊಂಬತ್ತು ಎಂದರೆ ತೊಂಬತ್ತು, ಈಗ ತೆಗೆದುಕೊಳ್ಳಲು ಆಗುವುದಿಲ್ಲ ಅಂದರು. ಮತ್ತೆ ಇಟ್ಟು ನೋಡಿ, ಕೆಡದಿದ್ದರೆ ಬನ್ನಿ, ಬರುವಾಗ ಆ ಪುಸ್ತಕ ತನ್ನಿ. ಅಷ್ಟೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೋನಿಟ್ಟು ಹೂವಿನ ಬುಟ್ಟಿಯ ಮುಂದೆ ಕೂತು ಅತ್ತೆ. ಚೆನ್ನಾಗೇ ಅತ್ತೆ. ಮೂಗೊರೆಸಿಕೊಂಡು ಜವಳಿ ಗೋದಾಮಿಗೆ ಫೋನು ಮಾಡಿದೆ. ಮೇ 5ರಿಂದ ಬೆಳಗಿನ ಹೊತ್ತು ಬಾ ಅಂದಿದ್ದಾರೆ.

ಮೇ 2

ಕಡಲೆಕಾಯಿ ಪೂರ್ತಿ ಬಿಟ್ಟೆ. ಎಳ್ಳು, ಓಟ್ಸ್ ಹೆಚ್ಚು ಮಾಡಿ ಇಪ್ಪತ್ನಾಲ್ಕು ಪ್ಯಾಕೆಟ್. ಅಚ್ಚಾದ ಚೀಟಿಯೂ ಬಂತು, ಈಗ ಪ್ರತಿ ಪ್ಯಾಕೆಟ್ ಮೇಲೂ ತಾರೀಕಿದೆ. ಇವತ್ತು ಮೊದಲ ದಿನ. ಜುಲೈ 31ಕ್ಕೆ ತೊಂಬತ್ತು.

ಕೋಣೆಗೆ ತೆಗೆದುಕೊಂಡು ಹೋದೆ. ಮಾವನ ಟ್ರಂಕು ಕಟ್ಟಿ ಬಾಗಿಲ ಹತ್ತಿರ ಇಟ್ಟಿತ್ತು. ಅವರು ಗೋಡೆ ನೋಡುತ್ತಿದ್ದರು. ನಾನು ಆರು ಹೊಸ ಪ್ಯಾಕೆಟ್ ಹಿಂದಿನ ಮೂಲೆಯ ಡಬ್ಬಕ್ಕೆ ಹಾಕಿ, ಉಳಿದದ್ದನ್ನು ಹಳೆಯದರ ಮುಂದೆಯೇ ಜೋಡಿಸಿದೆ, ಎರಡು ತಲೆಕೆಳಗೂ ಆದವು. ಒಲೆಯ ಮೇಲೆ ಕೆಲಸವಿತ್ತು, ಆತುರ. ಕೈಯಲ್ಲಿದ್ದ ಬೀಗದ ಕೈ, ನೋಟ್‌ಬುಕ್ಕೂ ಅಲ್ಲೇ ಶೆಲ್ಫಿನ ಮೇಲೆ ಉಳಿಯಿತು. ಬಾಗಿಲೂ ತೆರೆದೇ ಉಳಿಯಿತು.

ಅಡುಗೆಮನೆಗೆ ಬಂದು ಗುಲಾಬಿ ಕತ್ತರಿಸುತ್ತ ಕೂತೆ. ಒಲೆ ಹಚ್ಚಿರಲಿಲ್ಲ. ಬುಟ್ಟಿ ಮುಗಿಯುತ್ತ ಬಂತು. ಕುರ್ಚಿ ಕಿರ್ ಅಂತು.

“ಯಾರಮ್ಮಾ ಇದನ್ನ ಮುಂದೆ ಇಟ್ಟಿದ್ದು?”

“ನಾನೇ ಮಾವ.”

“ಎಷ್ಟು ಸಲ ಹೇಳ್ಬೇಕು ನಿನಗೆ? ಹಳೇದು ಮುಂದೆ, ಹೊಸದು ಹಿಂದೆ! ತಲೆಕೆಳಗೆ ಬೇರೆ ಇಟ್ಟಿದೀಯ!”

“ಸರಿ ಮಾಡ್ಬಿಡಿ. ಆ ಮೂಲೆ ಡಬ್ಬ ಮಾತ್ರ ಮುಟ್ಬೇಡಿ, ಅದು ಪರೀಕ್ಷೆಗೆ.”

“ಬಾಯಿಮಾತು ಉಗ್ರಾಣದಲ್ಲಿ ನಡೆಯಲ್ಲ. ಬರೆದುಕೊಡು.”

‘ಜುಲೈ 31ರ ತನಕ ಯಾರೂ ಮುಟ್ಟಬಾರದು’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಓದಿ, ಕನ್ನಡಕ ಒರೆಸಿಕೊಂಡು ಮತ್ತೆ ಓದಿ, ಡಬ್ಬಕ್ಕೆ ಅಂಟಿಸಿದರು. “ಅವತ್ತೇ ಹೀಗೆ ಬರೆದಿದ್ರೆ ಇಷ್ಟೆಲ್ಲ ಆಗ್ತಿತ್ತಾ?” ಅಂದರು. ಉತ್ತರವಿತ್ತು, ನುಂಗಿಕೊಂಡೆ.

ಅಷ್ಟರಲ್ಲಿ ನಾದಿನಿಯ ಫೋನು. “ನಾಳೆ ಬೆಳಿಗ್ಗೆ ಬರ್ತೀವಿ ಅತ್ತಿಗೆ. ಅಪ್ಪ ರೆಡಿ ತಾನೇ?”

“ಈಗಾಗಲ್ಲ ಕಣೇ. ನಾನು ಗೋದಾಮಿಗೆ ಹೋದ್ರೆ ಇಲ್ಲಿ ಸರಕು ಕೊಡೋರು ಯಾರು? ಜುಲೈ ತನಕ ಪರೀಕ್ಷೆ ಇದೆ. ಆಮೇಲೆ ನೋಡೋಣ.”

“ನೀವೇ ಅಲ್ವಾ ಕರ್ಕೊಂಡು ಹೋಗು ಅಂದಿದ್ದು?”

“ಅಂದಿದ್ದೆ. ಈಗ ಬೇಡ ಅಂತಿದೀನಿ” ಅಂದು, ಕೋಣೆಯ ಕಡೆ ತಿರುಗಿ, “ಮಾವ, ಆ ಟ್ರಂಕು ಕಾಲಿಗೆ ಅಡ್ಡ ಸಿಗ್ತಿದೆ, ಒಳಗೆ ತಳ್ಳಿ” ಎಂದು ಕೂಗಿದೆ. ಎಳೆದ ಸದ್ದು ಕೇಳಿಸಿತು.

ಸಂಜೆ ಮಾವ ನೋಟ್‌ಬುಕ್ಕು ಹಿಡಿದು ಬಂದರು. ಗಡ್ಡ ಹೆರೆದಿದ್ದರು. “ಮೇ 2. ಹೊಸ ಸರಕು, 24. ಸೊಸೆ ತಪ್ಪಾಗಿ ಇಟ್ಟಿದ್ದಳು. ಸರಿಪಡಿಸಲಾಗಿದೆ.”

ತಪ್ಪಾಗಿಯಂತೆ! ಪೆನ್ಸಿಲ್ಲು ಇಸಿದುಕೊಂಡು, ಕೊನೆಯ ಕಾಲಮ್ಮಿನಲ್ಲಿ ಸಹಿ ಹಾಕಿದೆ. ಹಿಂದಿನ ಪುಟಗಳನ್ನೂ ಒಂದೊಂದಾಗಿ ಮುಂದೆ ಹಿಡಿದರು. ಎಲ್ಲದಕ್ಕೂ ಹಾಕಿದೆ.